ಉಪ್ಪಣ್ಣನಿಗೆ ಹತ್ತಿದ ಅರಿಶಿನ

ಮಣ್ಣಿನ ಕೆಳಗೂ ರಾಜ್ಯಗಳಿರುತ್ತವೆ, ಮಕ್ಕಳೇ. ಒಂದು ಬದನೆ ಗಿಡದ ಬೇರಿನೊಳಗೆ ಅಂಥದೊಂದು ರಾಜ್ಯವಿತ್ತು. ನಡುವೆ ರಾಣಿಯ ಅರಮನೆ. ಮೇಲಿನ ಎಲೆಗಳಿಗೆಲ್ಲ ಅಲ್ಲಿಂದಲೇ ನೀರು ಹೋಗಬೇಕು. ಅರಮನೆಯ ಸುತ್ತ ಪುಟ್ಟ ಪುಟ್ಟ ಮನೆಗಳ ಗೋಡೆಸಾಲು. ಮನೆ ಮನೆಯ ನಡುವಿನ ಸಂದಿಗೆಲ್ಲ ಮೇಣದ ಗಾರೆ ಮೆತ್ತಿತ್ತು. ಒಳಗೆ ಬರುವವರು ಯಾರದಾದರೂ ಮನೆಯ ಬಾಗಿಲು ತಟ್ಟಿಯೇ ಬರಬೇಕು.

ಗಾರೆ ಮೆತ್ತುವವಳು ಸಂಕವ್ವ. ಬಾಯಿ ಜೋರು, ಮನಸ್ಸು ಬೆಣ್ಣೆ. ದಿನಾ ಬೆಳಗ್ಗೆ ರಾಣಿ ಒಳಗಿನಿಂದ ಗೋಡೆಗೆ ಅರಿಶಿನದ ನೀರು ಎರಚುತ್ತಿದ್ದಳು. ಸಂಕವ್ವ ಹೊರಗೆ ಸುತ್ತು ಹಾಕುತ್ತಿದ್ದಳು. ಹಳದಿ ಕಂಡಲ್ಲಿ ಬಿರುಕಿದೆ ಎಂದರ್ಥ. ಕೂಡಲೇ ಗಾರೆ ಮೆತ್ತುತ್ತಿದ್ದಳು.

ಹೊರಗೆ ಉಪ್ಪಣ್ಣ ದಂಡು ಕಟ್ಟಿಕೊಂಡು ಹೊಂಚು ಹಾಕಿದ್ದ. ಅಷ್ಟೂ ಉಪ್ಪು ಒಳಗೆ ನುಗ್ಗಿದರೆ ಮೇಲಿನ ಎಳೆ ಚಿಗುರು ಸುಟ್ಟು ಕರಕಲಾಗುತ್ತಿತ್ತು.

ಮೊದಲ ದಿನ ಬಂದ. "ನಾನು ನೀರಿನ ನೆಂಟ ಕಣವ್ವ, ಬಿಡು."

"ನೀರು ಬಾಗಿಲಿಗೆ ಬಂತಪ್ಪ. ನೀನ್ಯಾಕೆ ಸಂದಿ ಹುಡುಕ್ತೀಯ?"

ಮರುದಿನ ಬಂದ. "ನನ್ನ ಉಪ್ಪಿನ ಋಣ ಇಲ್ಲವಾ ನಿಮಗೆ?"

"ತಿಂದ ಮೇಲಲ್ಲವಾ ಋಣ? ಇನ್ನೂ ನಾಲಗೆಗೇ ಸೋಕಿಲ್ಲ."

ಮೂರನೆಯ ದಿನ ಸಂಕವ್ವನ ಮಗಳು ಎಳೆಬೇರಿನ ಮದುವೆ. ಆ ರಾಜ್ಯದ ಹೆಣ್ಣುಮಕ್ಕಳು ಗಂಡನ ಮನೆಗೆ ಬಾಗಿಲಿನಿಂದ ಹೋಗುವುದಿಲ್ಲ, ಗೋಡೆ ಒಡೆದುಕೊಂಡೇ ಹೋಗಬೇಕು. ಸಂಕವ್ವ ತನ್ನ ಕೈಯಾರೆ ಗೋಡೆ ಒಡೆದಳು, ಮಗಳನ್ನು ಕಳಿಸಿದಳು, ಅಳುತ್ತಳುತ್ತ ಮತ್ತೆ ಗಾರೆ ಮೆತ್ತಿದಳು. ಪಾಪ, ಕಣ್ಣು ಮಂಜಾಗಿತ್ತು. ಒಂದು ಸಂದಿ ಉಳಿದೇಹೋಯಿತು. ಸುತ್ತು ಹಾಕುವುದೂ ಮರೆತುಹೋಯಿತು.

ಉಪ್ಪಣ್ಣ ಮೆಲ್ಲಗೆ ಸಂದಿಗೆ ತಲೆ ತೂರಿಸಿದ. ನೆತ್ತಿಯ ಮೇಲೆ ಹಳದಿ ನೀರು ತೊಟ್ಟಿಕ್ಕಿತು.

"ಓಹೋ, ನನಗೂ ಮದುವೆ ಅರಿಶಿನ ಹಚ್ತಾ ಇದಾರೆ," ಎಂದು ಹಿಗ್ಗಿದ. ಒಳಗೆ ಹೋಗುವುದನ್ನೇ ಮರೆತ. ಮುಖ ಮೇಲೆ ಮಾಡಿ ಕೂತ. "ಕೆನ್ನೆಗೂ ಹಚ್ರಮ್ಮ, ಇನ್ನಷ್ಟು ಹಚ್ಚಿ."

ಸಂಕವ್ವನಿಗೆ ಕೇಳಿಸಿತು. ಗೋಡೆಯ ಹೊರಗೆ ಅರಿಶಿನ ಹಚ್ಚಿದವರು ಯಾರು? ಎಲ್ಲೋ ಸಂದಿ ಉಳಿದಿದೆ! ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಾರೆ ಹಿಡಿದು ಓಡಿದಳು.

"ಸ್ವಲ್ಪ ಹಿಂದೆ ಸರಿದು ಕಣ್ಣು ಮುಚ್ಚಿಕೊಳ್ಳಿ ಬೀಗರೇ, ಚೆನ್ನಾಗಿ ಹಚ್ಚುತ್ತೇನೆ," ಎಂದಳು.

ಬೀಗರು ಹಿಂದೆ ಸರಿದು ಕಣ್ಣು ಮುಚ್ಚಿದರು. ಸಂಕವ್ವ ಸೋಬಾನೆ ಹಾಡುತ್ತ ಹಾಡುತ್ತ ಸಂದಿಗೆ ಗಾರೆ ಮೆತ್ತಿದಳು. ಉಪ್ಪಣ್ಣ ಕಣ್ಣು ಬಿಟ್ಟಾಗ ಎದುರಿಗೆ ಗಟ್ಟಿ ಗೋಡೆ. ಅವನ ಹಳದಿ ಮೂತಿ ನೋಡಿ ಅವನ ದಂಡೇ ನಕ್ಕಿತು.

ಸಂಕವ್ವನಿಗೆ ಅಯ್ಯೋ ಅನ್ನಿಸಿತು. "ಒಂದು ಚಿಟಿಕೆ ಉಪ್ಪಾದರೆ ಬರಲಿ ಕಣೋ. ಒಬ್ಬನೇ ಬಾ, ಬಾಗಿಲಿಗೆ ಬಾ," ಎಂದಳು.

ನೀತಿ ಇಷ್ಟೇ, ಮಕ್ಕಳೇ: ಕಳ್ಳಸಂದಿಯಲ್ಲಿ ಬಂದವನಿಗೆ ನಗೆಪಾಟಲು ತಪ್ಪದು. ಗೋಡೆ ಕಟ್ಟಿದವರಿಗೂ ಒಂದು ಮಾತು. ಕಟ್ಟಿದರೆ ಮುಗಿಯಲಿಲ್ಲ, ದಿನಾ ನೋಡಬೇಕು. ಕಣ್ಣೀರು ಹಾಕಿದ ದಿನವೂ ನೋಡಬೇಕು.