ಉಸಿರುಗೌರಿಗೆ ಚುಟ್ಟಾ ಎಡೆ ಇಟ್ಟ ಕೇತಪ್ಪನ ಕಥೆ

ದೀಪದ ಬತ್ತಿ ಸರಿಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು, ಕೆಮ್ಮುವವರು ಕೆಮ್ಮಿ ಮುಗಿಸಿ ಕೇಳಿರಿ. ಯಾವ ಯುಗವೆಂದು ಕೇಳಬೇಡಿ, ಚುಟ್ಟಾ ಇದ್ದ ಯುಗವೆಂದರೆ ಸಾಕು. ಗಂಧವತಿಯೆಂಬ ಪಟ್ಟಣದಲ್ಲಿ ಕೇತಪ್ಪನೆಂಬವನು ಹೆಂಡತಿ ಸಾತವ್ವನೊಡನೆ ಬಾಳುತ್ತಿದ್ದನು. ವರ್ತಕರು ತಂದ ಗಂಧದೆಣ್ಣೆಯನ್ನು ಮೂಸಿ, ಇದು ಅಪ್ಪಟ, ಇದು ಬೆರಕೆ ಎಂದು ಹೇಳುವುದೇ ಅವನ ಕಸುಬು. ಮೂಗೇ ಅವನ ಹೊಲ, ಮೂಗೇ ಅವನ ಎತ್ತು. ಅಂಥ ಮೂಗಿನ ಕೆಳಗೇ ಹಗಲೆಲ್ಲ ಚುಟ್ಟಾ ಉರಿಸುತ್ತಿದ್ದನು.

ಹೀಗಿರಲು ಒಮ್ಮೆ ಅವನು ಹರಳೆಣ್ಣೆ ಬೆರೆಸಿದ ಕೊಡವನ್ನು ಅಪ್ಪಟವೆಂದುಬಿಡಲು, ಅದು ಗುಡಿಯ ಅಭಿಷೇಕಕ್ಕೆ ಹೋಗಿ, ಅರ್ಚಕರು ಮಂತ್ರ ನಿಲ್ಲಿಸಿ ಮೂಗು ಮುಚ್ಚಿಕೊಳ್ಳಲು, ಪೇಟೆಯ ಹಿರಿಯರು ಕೇತಪ್ಪನನ್ನು ಕರೆಸಿ, ಇಂದಿಗೆ ಇಪ್ಪತ್ತೆರಡನೆಯ ದಿನ ನಿನ್ನ ಮೂಗಿನ ಮುಂದೆ ಮೂರು ಬಟ್ಟಲು ಇಡುತ್ತೇವೆ, ತಪ್ಪಿದೆಯೋ ಪೇಟೆಯಲ್ಲಿ ನೀನು ಕೂರುವ ಮಣೆ ಬೇರೆಯವರಿಗೆ ಎಂದರು.

"ಏನಂದ್ರೆ, ಮೂಗೋ ಚುಟ್ಟಾನೋ, ಒಂದನ್ನು ಇಟ್ಟುಕೊಳ್ಳಿ. ಎರಡನ್ನೂ ಸಾಕೋದು ನನ್ನ ಕೈಲಾಗಲ್ಲ" ಎಂದು ಸಾತವ್ವ ತವರಿನಲ್ಲಿ ಕಲಿತ ಉಸಿರುಗೌರಿಯ ವ್ರತ ಹಿಡಿಸಿದಳು. ಇಪ್ಪತ್ತೊಂದು ದಿನ ಮಿಂದು ದೀಪ ಹಚ್ಚಿ, ಬೆಲ್ಲ ಮೆಣಸು ಎಡೆಯಿಟ್ಟು, ಹೊಗೆ ಮುಟ್ಟದಿರುವುದೇ ಅದರ ನೇಮ.

ಮೊದಲ ದಿನ ಕೇತಪ್ಪ ಬೀದಿಗೆಲ್ಲ ಹೇಳಿಕೊಂಡು ತಿರುಗಿದನು. ಎರಡನೆಯ ದಿನ ನಡುಮನೆಯ ಕಂಬದೊಡನೆ ಜಗಳವಾಡಿದನು. ಮೂರನೆಯ ದಿನ ತಲೆ ಧಿಮ್ಮೆನ್ನಲು, ಅವನಿಗೊಂದು ಬುದ್ಧಿ ಹೊಳೆಯಿತು. ಊರಾಚೆಯ ಭೂತಪ್ಪನಿಗೆ ಚುಟ್ಟಾ ಇಡುವುದಿಲ್ಲವೇ? ಗೌರಿಗೂ ಇಟ್ಟರಾಯಿತು. ಇಟ್ಟ ಮೇಲೆ ಪ್ರಸಾದ, ಪ್ರಸಾದ ಬೇಡವೆನ್ನುವುದು ಮಹಾಪಾಪ! ಹೀಗೆಂದು ವೀಳ್ಯದೆಲೆಯ ಮೇಲೆ ಚುಟ್ಟಾ ಇಟ್ಟು, ನೀರು ಸುತ್ತಿಸಿ, ಗಂಟೆ ಬಾರಿಸಿ, ದೀಪದಿಂದಲೇ ಹಚ್ಚಿಕೊಂಡು ಎರಡು ದಮ್ಮು ಎಳೆದನು.

ದೀಪ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಮುದುಕಿಯ ರೂಪಿನಲ್ಲಿ ಗೌರಿ ಕಣ್ಣೊರೆಸಿಕೊಳ್ಳುತ್ತ ಎದುರು ಬಂದು ಕೂತಳು.

"ಊರೂರು ತಿರುಗಿದವಳು ನಾನು, ಯಾರ ಮನೆಯಲ್ಲೂ ಇಂಥ ನೈವೇದ್ಯ ಉಂಡಿರಲಿಲ್ಲ ಕಣೋ!"

ಕೇತಪ್ಪ ಅಡ್ಡಬಿದ್ದು, ವ್ರತ ಕೆಟ್ಟಿತು ತಾಯಿ, ಹೇಗೂ ಕೆಟ್ಟಿತಲ್ಲ, ಉಳಿದ ಕಟ್ಟನ್ನೂ ಸೇದಿ ಮುಗಿಸಲೇ ಎಂದನು.

"ಅನ್ನದಲ್ಲಿ ಒಂದು ಕಲ್ಲು ಸಿಕ್ಕಿತೆಂದು ತಪ್ಪಲೆಯನ್ನೇ ತಿಪ್ಪೆಗೆ ಸುರಿಯುತ್ತೀಯಾ? ಕಲ್ಲು ಉಗಿದು ಉಣ್ಣು. ಗೆದ್ದ ಎರಡು ದಿನ ನಿನ್ನ ಎದೆಯಲ್ಲೇ ಇದೆ. ಇನ್ನು ಆಸೆ ಬಂದಾಗ ಕುಸ್ತಿಗಿಳಿಯಬೇಡ. ಪರವೂರಿನವನು ಜಗಲಿಗೆ ಬಂದ ಹಾಗೆ ವಿಚಾರಿಸು: ಎಲ್ಲಿಂದ ಬಂದೆ, ನನ್ನ ಮೈಯಲ್ಲಿ ಎಲ್ಲಿ ಕೂತೆ, ಎಷ್ಟು ಹೊತ್ತು ಇರುತ್ತೀಯೆ? ನೀರು ಕುಡಿ. ಮಣೆ ಮಾತ್ರ ಹಾಕಬೇಡ" ಎಂದು ಹೇಳಿ ದೇವಿ ಮಾಯವಾದಳು.

ಅಂದಿನಿಂದ ಕೇತಪ್ಪ ವಿಚಾರಿಸತೊಡಗಿದನು. ಆಸೆ ದವಡೆಯ ಕೆಳಗೆ ಕೂರುತ್ತದೆ, ಊಟದ ಹಿಂದೆಯೇ ಬರುತ್ತದೆ, ಎಷ್ಟು ರೇಗಾಡಿದರೂ ಹಾಲು ಉಕ್ಕುವಷ್ಟು ಹೊತ್ತಿಗೆ ಎದ್ದು ಹೋಗುತ್ತದೆ ಎಂದು ಕಂಡುಕೊಂಡನು. ಎಷ್ಟು ಕುತೂಹಲವಾಯಿತೆಂದರೆ, ಒಂದು ಮಧ್ಯಾಹ್ನ ಅದು ಬಾರದಿರಲು ಬಾಗಿಲಿಗೂ ಒಳಕ್ಕೂ ಓಡಾಡಿ, "ಯಾಕೆ ಇನ್ನೂ ಬರಲಿಲ್ಲ?" ಎಂದನು.

"ಕರೆಯೋಲೆ ಕಳಿಸಬೇಡಿ ಮತ್ತೆ!" ಎಂದಳು ಸಾತವ್ವ.

ಒಂಬತ್ತನೆಯ ದಿನ ಒಗ್ಗರಣೆಯ ಜೀರಿಗೆ ಅವನ ಮೂಗನ್ನು ಹುಡುಕಿಕೊಂಡು ಬಂದಿತು. ಹಿಂದೆಯೇ ಇನ್ನೊಂದು ನಾತ. ಇದೇನೇ ಎಂದು ಮುಖ ಕಿವುಚಲು, "ನಿಮ್ಮ ಕಂಬಳಿ. ಇಷ್ಟು ವರ್ಷ ನಾನು ಅದರ ಪಕ್ಕ ಮಲಗಿದ್ದೇನೆ" ಎಂದಳು. ಕೇತಪ್ಪ ಕಂಬಳಿ ಹೊತ್ತು ಹೊಳೆಗೆ ಹೋದನು.

ಇಪ್ಪತ್ತೊಂದು ದಿನ ತುಂಬಿದ ಮರುದಿನ ಹಿರಿಯರು ಬಟ್ಟಲುಗಳನ್ನಿಟ್ಟರು. ಕೇತಪ್ಪ ಮೊದಲನೆಯದನ್ನು ಬೆರಕೆಯೆಂದು, ಎರಡನೆಯದನ್ನು ಅಪ್ಪಟವೆಂದು ಹೇಳಿ, ಮೂರನೆಯದರ ಮೇಲೆ ಬಾಗಿ ಮತ್ತೆ ಮತ್ತೆ ಮೂಸಿದನು. ಸಾತವ್ವ ಸೆರಗು ಹಿಂಡಿಕೊಂಡಳು. "ಇದು ಎಣ್ಣೆಯೇ ಅಲ್ಲ, ನೀರು. ಬಾವಿಯದಲ್ಲ, ಹೊಳೆಯದು" ಎನ್ನಲು ಹಿರಿಯರು ನಕ್ಕು, ಅವನ ಮಣೆಯನ್ನು ತಾವೇ ಒರೆಸಿ ಹಾಕಿದರು.

ಈ ಕಥೆ ಹೇಳಿದವರ ದನಿ ತಿಳಿಯಾಗಲಿ, ಕೇಳಿದವರ ಎದೆ ಹಗುರಾಗಲಿ. ಇಂದು ವ್ರತದ ಮೂರನೆಯ ದಿನದಲ್ಲಿ ಹಲ್ಲು ಕಚ್ಚಿ ಕೂತು ಕೇಳಿದವರಿಗೆ ಇಮ್ಮಡಿ ಫಲ. ಕಥೆಯ ನಡುವೆ ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ ಒಂದು ದಮ್ಮು ಎಳೆದು ಬಂದವರೂ ನಾಚಿ ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಬಂದು ಕೂತರೆ ಅವರಿಗೂ ಅಷ್ಟೇ ಫಲ.