ಯಾರೂ ಚೆಲ್ಲದ ಎಣ್ಣೆ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠಕ್ಕೆ ಒಬ್ಬರು ಗುರುಗಳು, ಒಬ್ಬ ಶಿಷ್ಯ, ಹನ್ನೆರಡು ಹಸು, ಮತ್ತೆ ಒಂದು ಮೋಜಿನ ಬೋಟು.

ಹಸುಗಳು ಮೊದಲಿನಿಂದಲೂ ಇದ್ದವು. ಬೋಟು ಬಂದದ್ದು ಆಚೆ ವರ್ಷ. ಪಟ್ಟಣದ ಭಕ್ತರೊಬ್ಬರು ತಾವು ಆಡಿ ಬಿಟ್ಟ ಮೋಟಾರು ಬೋಟನ್ನು ಮಠಕ್ಕೆ ಒಪ್ಪಿಸಿ ಕೈಮುಗಿದರು. ಎಂಟು ಸೀಟು, ಮೇಲೆ ನೀಲಿ ಚಪ್ಪರ, ಮುಂದೆ ಕಾರಿಗಿರುವಂಥ ಸ್ಟೇರಿಂಗು. ಸನ್ಯಾಸಿಗಳಿಗೆ ಯಾಕಪ್ಪಾ ಈ ಶೋಕಿ ಎಂದು ಊರವರು ಆಡಿಕೊಂಡರು.

"ಭಾನುವಾರ ಶಾಲೆ ಮಕ್ಕಳು ಒಂದು ಸುತ್ತು ಹೋಗಿಬರಲಿ" ಎಂದರು ಗುರುಗಳು. ಅಲ್ಲಿಗೆ ಮಾತು ಮುಗಿಯಿತು.

ಬೋಟಿಗೆ ಇಬ್ಬರು ಬೇಕಾದರು. ಸ್ಟೇರಿಂಗಿಗೆ ಶಿಷ್ಯ ಪ್ರಭುಲಿಂಗ. ಮಠಕ್ಕೆ ಬರುವ ಮೊದಲು ಅವನು ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದ. ಓದಿದ್ದನ್ನು ಮರೆತಿರಲಿಲ್ಲ, ಓದಿದ್ದೇನೆ ಎನ್ನುವುದನ್ನಂತೂ ಮರೆತೇ ಇರಲಿಲ್ಲ.

ಹಿಂದಿನ ಹಲಗೆಗೆ, ಇಂಜಿನ್ನಿನ ಪಕ್ಕಕ್ಕೆ, ಬೆಸ್ತರ ಜವರಣ್ಣ. ನಲವತ್ತು ವರ್ಷ ಇದೇ ಹೊಳೆಯಲ್ಲಿ ಹರಿಗೋಲು ಹಾಕಿದವನು. ಪೆಟ್ರೋಲು ತುಂಬುವುದು, ಇಂಜಿನ್ನಿಗೆ ಎಣ್ಣೆ ಹಾಕುವುದು, ಹಗ್ಗ ಕಟ್ಟುವುದು ಅವನ ಪಾಲಿನ ಕೆಲಸ. ಜವರಣ್ಣನಿಗೆ ನೆಲದ ಮೇಲೆ ನೆಟ್ಟಗೆ ನಡೆಯಲು ಬರುವುದಿಲ್ಲ, ಅವನೇನಿದ್ದರೂ ನೀರಿನವನು ಎಂದು ಅಡುಗೆಮನೆಯವರು ನಗುತ್ತಿದ್ದರು. ಅದನ್ನು ಕೇಳಿ ಅವನಿಗೂ ಖುಷಿಯೇ.

ಒಂದು ಸಂಜೆ ಬೋಟಿನ ತಳದಲ್ಲಿ, ಇಂಜಿನ್ನಿನ ಬುಡದಲ್ಲಿ, ಅಂಗೈಯಗಲ ಏನೋ ಜಿನುಗಿ ನಿಂತಿತ್ತು.

ಪ್ರಭುಲಿಂಗ ಬೆರಳಿಟ್ಟು ನೋಡಿದ. ನೀರಾಗಿದ್ದರೆ ಹೀಗೆ ಜಾರುತ್ತಿರಲಿಲ್ಲ. ಮೂಸಿದ. ಪೆಟ್ರೋಲಿನ ವಾಸನೆ ಇರಲಿಲ್ಲ. ಇಂಜಿನ್ನಿನ ಎಣ್ಣೆ ಅಳೆದ. ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಒರೆಸಿದ. ಮರುದಿನ ಮತ್ತೆ ಇತ್ತು.

ಪೈಪುಗಳನ್ನೆಲ್ಲ ಬಿಗಿ ಮಾಡಿದ. ಮತ್ತೆ ಇತ್ತು. ಎರಡು ಪೈಪು ಬದಲಾಯಿಸಿದ. ಆಗಲೂ ಇತ್ತು. ಓದಿದವನ ಕಣ್ಣಿಗೇ ಮಣ್ಣೆರಚುವ ಸೋರಿಕೆ ಎಂದರೆ ಅವನಿಗೆ ಅನ್ನ ಸೇರಲಿಲ್ಲ.

ನಾಲ್ಕನೆಯ ದಿನ ಅವನು ಗುರುಗಳ ಮುಂದೆ ನಿಂತ.

"ಬುದ್ಧೀ, ಜವರಣ್ಣನಿಗೆ ವಯಸ್ಸಾಯಿತು. ಕೈ ನಡುಗುತ್ತೆ. ಎಣ್ಣೆ ಹಾಕುವಾಗ ಚೆಲ್ಲುತ್ತಾನೆ."

"ಚೆಲ್ಲಿದ್ದು ಕಂಡೆಯಾ?"

"ಕಾಣಲಿಲ್ಲ. ಆದರೆ ಇಂಜಿನ್ನಲ್ಲಿ ಎಣ್ಣೆ ಕಡಿಮೆ ಆಗಿಲ್ಲ, ತಳದಲ್ಲಿ ಮಾತ್ರ ನಿಲ್ಲುತ್ತೆ. ಅಂದಮೇಲೆ ಅದು ಹೊರಗಿನಿಂದ ಬಿದ್ದದ್ದೇ. ಅಲ್ಲಿ ಕೂರುವವನು ಅವನೊಬ್ಬ. ನನ್ನ ಪಂಚೆಗೂ ಮೆತ್ತಿದೆ, ನೋಡಿ."

ಬಲ ಮಂಡಿಯ ಮೇಲೆ ರೂಪಾಯಿಯಗಲದ ಕಲೆ ಇತ್ತು. ಗುರುಗಳು ಆ ಕಲೆಯನ್ನು ಬಹಳ ಹೊತ್ತು ನೋಡಿದರು.

"ಬೋಟು ನಿನ್ನ ಸುಪರ್ದಿಯಲ್ಲಿದೆ. ಮಾತೂ ನಿನ್ನದೇ. ಎರಡಕ್ಕೂ ನೀನೇ ಹೊಣೆ" ಎಂದರು.

ಪ್ರಭುಲಿಂಗ ಜವರಣ್ಣನನ್ನು ಬೋಟಿನಿಂದ ಇಳಿಸಿ ಅಡುಗೆಮನೆಯ ಹಿತ್ತಿಲಿಗೆ ಸೌದೆ ಒಡೆಯಲು ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ನಾನ್ಯಾಕ್ ಚೆಲ್ಲಲಿ, ಮರಿದೇವ್ರೂ?" ಎಂದು ಜವರಣ್ಣ ಒಂದು ಸಲ ಕೇಳಿದ. ಎರಡನೆಯ ಸಲ ಕೇಳಲಿಲ್ಲ. ಎಣ್ಣೆಯ ಡಬ್ಬವನ್ನು ಕೆಳಗಿಟ್ಟ, ಹಗ್ಗವನ್ನು ಸುತ್ತಿಟ್ಟ, ಹೋದ.

ಅವನಿಗೆ ತುಂಬ ನೋವಾಗಿತ್ತು. ಅವತ್ತಿನಿಂದ ಅವನು ಸ್ನಾನಕ್ಕೂ ಹೊಳೆಗೆ ಇಳಿಯಲಿಲ್ಲ. ಹುಟ್ಟಿದಾಗಿನಿಂದ ಹೊಳೆಯಲ್ಲಿ ಮುಳುಗೆದ್ದವನು ಹಿತ್ತಿಲ ನಲ್ಲಿಯ ಕೆಳಗೆ ಚೊಂಬು ಹಿಡಿದು ಕೂರುತ್ತಿದ್ದ.

ಜವರಣ್ಣ ಇಳಿದುಹೋದ ಮಾರನೆಯ ಸಂಜೆ ಪ್ರಭುಲಿಂಗ ತಳದ ಹಲಗೆ ಎತ್ತಿ ನೋಡಿದ.

ಅಂಗೈಯಗಲ ಇತ್ತು.

ಅವನು ಆ ಕ್ಷಣವೇ ಹಿತ್ತಿಲಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಹಳೇ ಪಂಚೆಯ ತುಂಡೊಂದನ್ನು ತೆಗೆದುಕೊಂಡು ಬೇಗ ಬೇಗ ಒರೆಸಿ, ತುಂಡನ್ನು ಸೀಟಿನ ಕೆಳಗೆ ತುರುಕಿದ.

ಹೀಗೆ ಎಂಟು ದಿನ ನಡೆಯಿತು. ಸೋರುವುದು ಅದರ ಕೆಲಸ, ಒರೆಸುವುದು ಇವನ ಕೆಲಸ. ಬಟ್ಟೆಯ ತುಂಡು ಭಾರವಾಗುತ್ತಾ ಬಂತು.

ಒಂಬತ್ತನೆಯ ದಿನ ಗುರುಗಳು ದಂಡೆಗೆ ಬಂದರು.

"ಬೋಟು ಹೇಗಿದೆ, ಪ್ರಭು?"

"ಚೆನ್ನಾಗಿದೆ, ಬುದ್ಧೀ."

ಗುರುಗಳು ಬೋಟಿಗೆ ಹತ್ತಿ, ಬಗ್ಗಿ, ಸೀಟಿನ ಕೆಳಗಿಂದ ಇಣುಕುತ್ತಿದ್ದ ಆ ತುಂಡನ್ನು ಎಳೆದು ಹಿಂಡಿದರು. ನಾಲ್ಕು ಹನಿ ಬಿದ್ದವು.

"ಇದನ್ನು ಯಾರು ಚೆಲ್ಲಿದ್ದು?"

ಪ್ರಭುಲಿಂಗ ತುಂಡನ್ನು ಇಸಿದುಕೊಳ್ಳಲು ಕೈ ಚಾಚಿದ. ಗುರುಗಳು ಕೊಡಲಿಲ್ಲ.

"ಒರೆಸಿದ್ದು ಯಾಕೆ?"

"ತಳ ಚೊಕ್ಕಟವಾಗಿರಲಿ ಅಂತ."

"ತಳ ಚೊಕ್ಕಟವಾಯಿತು. ಜವರಣ್ಣ?"

ಪ್ರಭುಲಿಂಗ ನಾಚಿಕೆಯಿಂದ ತಲೆ ತಗ್ಗಿಸಿದ. "ಈಗಲೇ ಹೋಗಿ ಕರೆಯುತ್ತೇನೆ, ಬುದ್ಧೀ."

"ಏನು ಅಂತ ಕರೀತೀಯ? ತಾನು ಚೆಲ್ಲಲಿಲ್ಲ ಅನ್ನೋದು ಅವನಿಗೆ ಗೊತ್ತು. ಅದನ್ನೇ ಹೋಗಿ ಹೇಳ್ತೀಯಾ? ಎಲ್ಲಿಂದ ಬಂತು ಅಂತ ತಿಳಿದುಕೊಂಡು ಹೋಗು. ಪೂಜೆ ಕೋಣೆಯಿಂದ ನಾಲ್ಕು ವಿಭೂತಿಗಟ್ಟಿ ತಗೊಂಡು ಬಾ."

ಪ್ರಭುಲಿಂಗ ತಂದ. ಗುರುಗಳು ಗಟ್ಟಿಗಳನ್ನು ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಿದರು.

"ತಳ ಪೂರ್ತಿ ಒಣಗಿಸು. ಆಮೇಲೆ ಇದನ್ನು ಉದುರಿಸು."

"ಬುದ್ಧೀ, ವಿಭೂತಿ! ಕಾಲಿಡುವ ಜಾಗಕ್ಕೆ?"

"ಒದ್ದೆಯಾದರೆ ಬಣ್ಣ ಬದಲಾಗುತ್ತೆ. ಅದು ಮಾಡುವುದು ಅಷ್ಟೇ. ಉದುರಿಸು."

ಅವನು ಇಂಜಿನ್ನಿನ ಸುತ್ತ ಉದುರಿಸಿದ. ಹಿಂದಿನ ಹಲಗೆಯ ಕೆಳಗೆ ಉದುರಿಸಿದ. ಪುಡಿ ಅರ್ಧ ಉಳಿಯಿತು.

"ಮಿಕ್ಕಿದ್ದು?"

"ಇನ್ನೆಲ್ಲೂ ಬೇಕಿಲ್ಲ, ಬುದ್ಧೀ. ಮುಂದೆ ನಾನು ಕೂರುವ ಜಾಗ ಅಷ್ಟೆ."

"ಅಲ್ಲಿಯವರೆಗೂ ಹಾಕು."

ಹಾಕಿದ. ಗುರುಗಳು ನಡುವಿನ ಸೀಟಿನಲ್ಲಿ ಕೂತರು.

"ದಿನಾ ಹೇಗೆ ಓಡಿಸ್ತೀಯೋ ಹಾಗೆ ಓಡಿಸು."

ಪ್ರಭುಲಿಂಗ ಓಡಿಸಿದ. ತೊಟ್ಟಿಲು ತೂಗುವವರ ಹಾಗೆ ಮೆಲ್ಲಗೆ ಹೋದ, ಮೆಲ್ಲಗೆ ತಿರುಗಿಸಿದ, ಮೆಲ್ಲಗೆ ದಂಡೆಗೆ ತಂದು ನಿಲ್ಲಿಸಿದ. ಹಲಗೆ ಎತ್ತಿ ನೋಡಿದರೆ ವಿಭೂತಿ ಬೆಳ್ಳಗೆ ಹಾಗೇ ಇತ್ತು.

"ಸೋರಲೇ ಇಲ್ಲ, ಬುದ್ಧೀ!" ಅವನ ಮುಖ ಅರಳಿತು. "ನಿಮ್ಮ ಪಾದ ಬಿದ್ದದ್ದಕ್ಕೆ ನಿಂತುಹೋಯಿತು."

"ನನ್ನ ಪಾದಕ್ಕೆ ಅಷ್ಟು ಗೊತ್ತಿದ್ದರೆ ಮಠದ ಸೂರು ಯಾಕೆ ಸೋರುತ್ತಿತ್ತು?" ಎಂದರು ಗುರುಗಳು. "ಇವತ್ತು ಓಡಿಸಿದ್ದು ನೀನಲ್ಲ, ನಿನ್ನ ಮರ್ಯಾದೆ. ನಾಳೆ ಭಾನುವಾರ. ಮಕ್ಕಳನ್ನು ಹೇಗೆ ಕರಕೊಂಡು ಹೋಗ್ತೀಯೋ ಹಾಗೆ ನನ್ನನ್ನು ಕರಕೊಂಡು ಹೋಗು. ಮಕ್ಕಳು ನಾಳೆ ದಂಡೆಯಲ್ಲೇ ಇರಲಿ."

ಮರುದಿನ ಬೆಳಿಗ್ಗೆ ಮಕ್ಕಳು ಮುಖ ಊದಿಸಿಕೊಂಡು ದಂಡೆಯಲ್ಲಿ ನಿಂತರು. ಗುರುಗಳು ಚಪ್ಪರದ ಕಂಬವನ್ನು ಗಟ್ಟಿಯಾಗಿ ಹಿಡಿದು ಕೂತರು.

ಪ್ರಭುಲಿಂಗ ಹಿಂದೆಮುಂದೆ ನೋಡಿದ. ಆಮೇಲೆ ಇಂಜಿನ್ ಜೋರು ಮಾಡಿದ. ಹೊಳೆಯ ನಡುವೆ ಬಂದಾಗ ಸ್ಟೇರಿಂಗನ್ನು ಬಲಕ್ಕೆ ಕೊನೆಯವರೆಗೆ ತಿರುಗಿಸಿ, ಇನ್ನು ತಿರುಗದು ಎಂದರೂ ಬಿಡದೆ ಒತ್ತಿ ಹಿಡಿದ. ಬೋಟು ವಾಲಿಕೊಂಡು ಗಿರ್‍ರನೆ ಸುತ್ತಿತು. ನೀರು ಎರಡಾಳೆತ್ತರ ಹಾರಿತು. ದಂಡೆಯಲ್ಲಿದ್ದ ಮಕ್ಕಳು ಮುನಿಸು ಮರೆತು ಹೋ ಎಂದು ಕೂಗಿದರು. ಆ ಕೂಗು ಅವನಿಗೆ ಇಷ್ಟ. ಪ್ರತಿ ಭಾನುವಾರ ಅದಕ್ಕಾಗಿಯೇ ಅವನು ನಾಲ್ಕು ಸಲ ಹಾಗೆ ಸುತ್ತಿಸುತ್ತಿದ್ದ. ಉಳಿದ ದಿನ, ದಂಡೆಯಲ್ಲಿ ಯಾರೂ ಇಲ್ಲದಾಗ, ಅಭ್ಯಾಸ ಮಾಡುತ್ತಿದ್ದ.

ನಾಲ್ಕು ಸುತ್ತು ಮುಗಿಸಿ ದಂಡೆಗೆ ತಂದ. ಗುರುಗಳ ಕಾವಿ ಅರ್ಧ ಒದ್ದೆಯಾಗಿತ್ತು.

ಪ್ರಭುಲಿಂಗ ಹಲಗೆ ಎತ್ತಿದ. ಇಂಜಿನ್ನಿನ ಬುಡದಲ್ಲಿ ವಿಭೂತಿ ಕಪ್ಪಿಟ್ಟಿತ್ತು. ಆದರೆ ಇಂಜಿನ್ನಿನ ಮಿಕ್ಕ ಮೂರು ಬದಿ ಬೆಳ್ಳಗಿತ್ತು. ಕಪ್ಪು ಗೆರೆಯೊಂದು ಮಾತ್ರ ಅಲ್ಲಿಂದ ಮುಂದಕ್ಕೆ ಹೋಗಿತ್ತು.

ಅವನು ಮಂಡಿಯೂರಿ ಗೆರೆಯ ಹಿಂದೆ ಹೋದ. ಎರಡನೆಯ ಹಲಗೆ ಎತ್ತಿದ, ಮೂರನೆಯದನ್ನು ಎತ್ತಿದ. ತಳದ ಪಕ್ಕದಲ್ಲಿ ಒಂದು ತೆಳ್ಳಗಿನ ಪೈಪು ಮುಂದಿನಿಂದ ಹಿಂದಕ್ಕೆ ಹೋಗಿತ್ತು. ಸ್ಟೇರಿಂಗ್ ತಿರುಗಿಸಿದಾಗ ಎಣ್ಣೆಯನ್ನು ಹಿಂದಕ್ಕೆ ತಳ್ಳಿ ಬೋಟನ್ನು ತಿರುಗಿಸುವ ಪೈಪು ಅದು. ಗೆರೆ ಅದರ ಗುಂಟ ಬಂದಿತ್ತು.

ಗೆರೆ ಅವನ ಸೀಟಿನ ಮುಂದೆ ನಿಂತಿತು.

ಅವನು ಅಂಗಾತ ಮಲಗಿ ಮೇಲೆ ನೋಡಿದ. ಸ್ಟೇರಿಂಗಿನ ಬೆನ್ನಿಗೆ ಒಂದು ಹನಿ ನೇತಾಡುತ್ತಿತ್ತು. ನೋಡುತ್ತಿರುವಾಗಲೇ ಅದು ಕಳಚಿ ಬಿತ್ತು.

ಅವನು ಎದ್ದು ತನ್ನ ಸೀಟಿನಲ್ಲಿ ಕೂತ. ಬಗ್ಗಿ ನೋಡಿದ. ಹನಿ ನೇತಾಡಿದ ಜಾಗದ ನೇರ ಕೆಳಗೆ ಅವನ ಬಲ ಮಂಡಿ ಇತ್ತು.

ಮಂಡಿಯ ಮೇಲಿನ ಕಲೆಯನ್ನು ಅವನು ಹದಿಮೂರು ದಿನ ಒಗೆದಿದ್ದ. ಮೊದಲ ದಿನಗಳಲ್ಲಿ ಒಗೆಯುವಾಗಲೆಲ್ಲ ಜವರಣ್ಣನನ್ನು ಬೈದುಕೊಂಡಿದ್ದ.

"ಬುದ್ಧೀ" ಎಂದ.

ಗುರುಗಳು ಕಾವಿಯ ಅಂಚು ಹಿಂಡಿಕೊಳ್ಳುತ್ತಿದ್ದರು. "ಈಗ ಹೋಗು" ಎಂದರು.

ಹಿತ್ತಿಲಲ್ಲಿ ಜವರಣ್ಣ ಸೌದೆ ಒಡೆಯುತ್ತಿದ್ದ. ಪ್ರಭುಲಿಂಗ ಎದುರು ನಿಂತದ್ದನ್ನು ಕಂಡು ಕೊಡಲಿ ಇಳಿಸಿದ.

"ಎಣ್ಣೆ ನಿನ್ನಿಂದ ಬಿದ್ದದ್ದಲ್ಲ, ಜವರಣ್ಣ. ಸ್ಟೇರಿಂಗಿನ ಹಿಂದೆ ಸೋರುತ್ತಾ ಇತ್ತು. ನಾನು ಕೊನೆಯವರೆಗೂ ತಿರುಗಿಸಿ ಒತ್ತಿ ಹಿಡೀತಿದ್ದೆ, ಅದಕ್ಕೇ. ತಪ್ಪು ನಂದು. ನೀನು ಇಳಿದ ಮಾರನೆ ದಿನವೇ ನಿಂದಲ್ಲ ಅಂತ ಗೊತ್ತಾಗಿತ್ತು. ಆದರೂ ಸುಮ್ಮನಿದ್ದೆ. ಅದೂ ತಪ್ಪು."

ಜವರಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಸ್ಟೇರಿಂಗೇ ಅಂತ ನಂಗೊತ್ತಿತ್ತು, ಮರಿದೇವ್ರೂ."

"ಗೊತ್ತಿತ್ತಾ?"

"ನೀವು ಕೊನೇಗಂಟ ತಿರುಗ್ಸಿ ಅಮುಕಿ ಹಿಡ್ಕೊಂಡಾಗ ಅದು ನರಳ್ತಿತ್ತು. ಹಿಂದ್ಗಡೆ ಕುಂತೋನ್ಗೆ ಕೇಳ್ತದೆ. ಮಕ್ಳ ಗದ್ಲ, ಸುತ್ಸೋ ಉಮೇದು, ನಿಮ್ಗೆ ಕೇಳಾಕಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಚೆಲ್ದೋನು ನೀನೇ ಅಂತ ಹೇಳುದ್ರಿ. ಎಲ್ಲಿ ಸೋರ್ತದೆ ಅಂತ ನೀವು ಕೇಳ್ನೇ ಇಲ್ವಲ್ಲ."

ಪ್ರಭುಲಿಂಗ ಬಗ್ಗಿ ಅವನ ಕಾಲು ಮುಟ್ಟಲು ಹೋದ. ಜವರಣ್ಣ ಗಾಬರಿಯಾಗಿ ಹಿಂದೆ ಸರಿದ.

"ಬುಡಿ ಬುಡಿ, ಅದೆಲ್ಲ ಬ್ಯಾಡಿ. ಹಗ್ಗ ಬಿಸ್ಲಲ್ಲಿ ಒಣಗ್ಸೀರೋ, ಹಂಗೇ ಕೊಳೆಸೀರೋ?"

"ಹಾಗೇ ಬಿದ್ದಿದೆ."

"ಅದ ಹೇಳಿ" ಎಂದು ಜವರಣ್ಣ ಕೊಡಲಿಯನ್ನು ಕೊರಡಿಗೆ ಕಚ್ಚಿಸಿ ಹೊಳೆಯ ಕಡೆ ನಡೆದ. ಹೋದವನು ಮೊದಲು ಹಗ್ಗವನ್ನೂ ನೋಡಲಿಲ್ಲ, ಬೋಟನ್ನೂ ನೋಡಲಿಲ್ಲ. ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಮೂರು ಸಲ ಮುಳುಗೆದ್ದ.

ಪಟ್ಟಣದಿಂದ ಮೆಕ್ಯಾನಿಕ್ ಬಂದು ಸ್ಟೇರಿಂಗಿನ ಹಿಂದೆ ಹೊಸ ವಾಷರ್ ಕೂರಿಸಿದ. ಹೊಸ ಎಣ್ಣೆ ತುಂಬಿದ. ಕೊನೆಗೆ ಬಂದಮೇಲೆ ಒತ್ತಬೇಡಿ ಎಂದು ಹೇಳಿಹೋದ. ಎರಡು ದಿನ ಬೋಟು ಓಡಿಸಿ ನೋಡಿದರು. ಹೊಸದಾಗಿ ಉದುರಿಸಿದ ವಿಭೂತಿ ಬೆಳ್ಳಗೇ ಉಳಿಯಿತು.

ಮುಂದಿನ ಭಾನುವಾರ ಮಕ್ಕಳು ಹತ್ತಿ ಕೂತರು. ಗುರುಗಳೂ ಬಂದು ಅವರ ನಡುವೆ ಕೂತರು.

"ಜವರಣ್ಣ, ಇವತ್ತು ಸ್ಟೇರಿಂಗ್ ನೀನು ಹಿಡಿ" ಎಂದರು.

"ಅಯ್ಯೋ, ನಾನಾ ಬುದ್ಧೀ?" ಎಂದ ಜವರಣ್ಣ. ಹಾಗೆನ್ನುತ್ತಲೇ ಮುಂದಿನ ಸೀಟಿನಲ್ಲಿ ಕೂತು, ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದ. ಕೈ ನಡುಗಲಿಲ್ಲ.

ಪ್ರಭುಲಿಂಗ ಹಗ್ಗ ಹಿಡಿದುಕೊಂಡು ದಂಡೆಯಲ್ಲೇ ನಿಂತಿದ್ದ. ಅವನು ಕೂರುತ್ತಿದ್ದ ಜಾಗ ತುಂಬಿತ್ತು. ತಾನು ಹತ್ತಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ.

"ನಾನು, ಬುದ್ಧೀ?"

ಗುರುಗಳು ಇಂಜಿನ್ನಿನ ಪಕ್ಕದ ಹಿಂದಿನ ಹಲಗೆಯನ್ನು ತೋರಿಸಿದರು.

"ಅಲ್ಲಿ ಕೂತುಕೋ. ಅಲ್ಲಿಂದ ಸ್ಟೇರಿಂಗು ಚೆನ್ನಾಗಿ ಕಾಣುತ್ತೆ."