ನಿರಂಜನನ ಎಕ್ಸಾಕ್ಟ್ಲಿ

ನಿರಂಜನ ಎಲ್ಲ ಬಿಟ್ಟು ಆಶ್ರಮ ಸೇರಿದ್ದ. ಒಂದು ಚಾಳಿ ಮಾತ್ರ ಬಿಟ್ಟಿರಲಿಲ್ಲ. ಯಾರು ಏನೇ ಅನ್ನಲಿ, 'ಎಕ್ಸಾಕ್ಟ್ಲಿ' ಅನ್ನುತ್ತಿದ್ದ. ಬಿಸಿಲು ಜೋರು ಅಂದರೂ ಎಕ್ಸಾಕ್ಟ್ಲಿ, ಸಾರಿಗೆ ಉಪ್ಪು ಕಮ್ಮಿ ಅಂದರೂ ಎಕ್ಸಾಕ್ಟ್ಲಿ!

ಒಂದು ಬೆಳಿಗ್ಗೆ ತುಳಸಮ್ಮ ಅನ್ನುವ ಹೆಂಗಸು ಗುರುಗಳನ್ನು ಹುಡುಕಿಕೊಂಡು ಬಂದರು. ಗುರುಗಳು ಸೊಪ್ಪು ಬಿಡಿಸುತ್ತಿದ್ದರು. ನಿರಂಜನ ತಾನೇ ಮುಂದೆ ಬಂದು ಕೂತ.

"ನನ್ನ ತಂಗಿ ಹೊಳೆಯಾಚೆ ಹಾಸಿಗೆ ಹಿಡಿದಿದ್ದಾಳೆ ಸ್ವಾಮಿ. ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಅವಳ ಮನೆಗೆ ಹೋಗಿ ಎಷ್ಟೋ ವರ್ಷವಾಯ್ತು. ಇಲ್ಲೀ ತನಕ ಬಂದೆ, ದೋಣಿ ಹತ್ತೋಕೆ ಕಾಲೇ ಬರ್ತಿಲ್ಲ. ಯಾಕಂದ್ರೆ..."

"ಎಕ್ಸಾಕ್ಟ್ಲಿ! ಸಿಟ್ಟು ಅಂದರೆ ಹಾಗೇ ಅಮ್ಮ. ತಂಗೀನ ಕ್ಷಮಿಸಿಬಿಡಿ."

ತುಳಸಮ್ಮ ಚೀಲ ಎತ್ತಿಕೊಂಡು, ಹೊಳೆಯ ಕಡೆ ಹೋಗದೆ, ಬಂದ ದಾರಿಯಲ್ಲೇ ಹೊರಟುಬಿಟ್ಟರು.

"ಆ ಇಂಗ್ಲಿಷ್ ಮಾತಿಗೆ ಏನಪ್ಪ ಅರ್ಥ?" ಗುರುಗಳು ಕೇಳಿದರು.

"ಕರಾರುವಾಕ್ಕಾಗಿ ಅಂತ ಗುರುಗಳೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲದ ಹಾಗೆ."

"ನೀನು ಯಾವಾಗ ಹೇಳ್ತೀಯ?"

ನಿರಂಜನ ತಲೆ ಕೆರೆದುಕೊಂಡ. "ಸುಮ್ಮನೆ... ಹೌದು ಹೌದು ಅನ್ನೋಕೆ."

"ಆಕೆಗೆ ಹೇಳಿದ್ದು ಯಾವ ಅರ್ಥದಲ್ಲಿ?"

ನಿರಂಜನನ ಮುಖ ಸಣ್ಣದಾಯಿತು.

"ಆಕೆಯ ಮಾತು ಇನ್ನೂ ಮುಗಿದಿರಲಿಲ್ಲ. ಓಡು."

ಅವನು ಓಡಿದ. ಹೊಂಗೆ ಮರದ ಹತ್ತಿರ ತುಳಸಮ್ಮ ಸಿಕ್ಕರು.

"ಅಮ್ಮ, ನಾನು ಅಡ್ಡಬಾಯಿ ಹಾಕಿದೆ, ತಪ್ಪಾಯ್ತು. ಯಾಕಂದ್ರೆ ಅಂದಿರಲ್ಲ, ಯಾಕೆ?"

ಆಕೆ ಅವನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಮರದ ಬುಡದಲ್ಲಿ ಕೂತರು.

"ಸಿಟ್ಟೆಲ್ಲಿ ಬಂತು ಸ್ವಾಮಿ? ಅವಳಿಗೆ ಕೂಡಿಬಂದ ಸಂಬಂಧ ಮುರಿದಿದ್ದೇ ನನ್ನ ಬಾಯಿಂದ. ಪಾಪ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕಂಡರೆ 'ಅಕ್ಕ ಬಂದ್ಲು' ಅಂತ ನಗ್ತಾಳೆ. ಆ ನಗು ನೋಡೋಕೆ ನನಗೆ ಭಯ."

ನಿರಂಜನ ಓದಿದ್ದೆಲ್ಲ ತಡಕಾಡಿದ. ಕೊನೆಗೆ ಆಕೆಯ ಪಕ್ಕದಲ್ಲಿ ಸುಮ್ಮನೆ ಕೂತ.

"ಇಷ್ಟು ವರ್ಷ ಇದನ್ನ ಯಾರ ಹತ್ತಿರವೂ ಹೇಳಿರಲಿಲ್ಲ," ಅಂದು ತುಳಸಮ್ಮ ಕಣ್ಣೊರೆಸಿಕೊಂಡು ಎದ್ದರು. ಹೊಳೆಯ ಕಡೆ ನಡೆದರು. ದೋಣಿ ಆಚೆ ದಡ ಮುಟ್ಟುವವರೆಗೂ ನಿರಂಜನ ನಿಂತಿದ್ದ.

"ಏನು ಹೇಳಿ ಕಳಿಸಿದೆ?" ವಾಪಸ್ ಬಂದವನನ್ನು ಗುರುಗಳು ಕೇಳಿದರು.

"ಏನೂ ಹೇಳಲಿಲ್ಲ ಗುರುಗಳೇ. ಆಕೆಗೆ ಹೇಗಾಗ್ತಿದೆ ಅಂತ ನನಗೆ ಗೊತ್ತಾಗಲಿಲ್ಲ."

"ಈಗ ಕರಾರುವಾಕ್ಕಾಗಿ ಹೇಳಿದೆಯಲ್ಲ. ನಾಳೆಯಿಂದ ಬಂದವರ ಹತ್ತಿರ ನೀನೇ ಕೂತುಕೋ."